ಮಲಗುವ ಕೋಣೆ ಯಾರದ್ದು?

ನಾನು ಬಿ.ಎಡ್. ಓದುತ್ತಿದ್ದಾಗ ಮನಶ್ಶಾಸ್ತ್ರದ ಮೇಷ್ಟ್ರು ಒಂದು ದಿನ ಒಂದು ಮಾತು ಹೇಳಿದರು. ಮನುಷ್ಯನ ಮಲಗುವ ಕೋಣೆಯೊಳಗೆ ಒಂದು ಸಲ ಇಣುಕಿದರೆ ಸಾಕು, ಅವನ ಗುಣ ಗೊತ್ತಾಗಿಬಿಡುತ್ತದೆ ಅಂತ. ಹಾಸಿಗೆ ಸುತ್ತಿಟ್ಟವನು ಶಿಸ್ತಿನವನು, ಬಟ್ಟೆಬರೆ ಚೆಲ್ಲಾಡಿದವನು ಸೋಮಾರಿ, ಗೋಡೆಗೆ ಬಳಿದ ಬಣ್ಣ, ಕಿಟಕಿಯ ಪರದೆ, ದಿಂಬಿನ ಪಕ್ಕದ ಪುಸ್ತಕ, ಎಲ್ಲಕ್ಕೂ ಒಂದೊಂದು ಅರ್ಥ. ಹೇಳಿ ಮುಗಿಸಿ ಎಲ್ಲರಿಗೂ ಒಂದೊಂದು ಹಾಳೆ ಹಂಚಿ, ನಿಮ್ಮ ನಿಮ್ಮ ಮಲಗುವ ಕೋಣೆಯ ಬಗ್ಗೆ ಬರೆಯಿರಿ ಅಂದರು. ಮೇಷ್ಟ್ರು ಕೆಟ್ಟವರಲ್ಲ. ಎಲ್ಲರಿಗೂ ಒಂದು ಮಲಗುವ ಕೋಣೆ ಇದ್ದೇ ಇರುತ್ತದೆ ಅಂತ ಅವರು ನಂಬಿದ್ದರು, ಅಷ್ಟೆ.

ನಾನು ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ. ನಮ್ಮದು ಒಂದೇ ಕೋಣೆಯ ಜನತಾ ಮನೆ. ಅದೇ ಅಡಿಗೆಮನೆ, ಅದೇ ನಡುಮನೆ, ಮಳೆಗಾಲದಲ್ಲಿ ಅದೇ ಕೊಟ್ಟಿಗೆ. ಬಾಗಿಲ ಬುಡದಲ್ಲಿ ಅಪ್ಪ ಮಲಗುತ್ತಿದ್ದ, ಗೋಡೆ ಬದಿಗೆ ಅಜ್ಜಿ, ನಡುವೆ ಮಕ್ಕಳು ಸಾಲಾಗಿ, ಒಲೆ ಮಗ್ಗುಲಲ್ಲಿ ಅವ್ವ. ಎಲ್ಲರೂ ಮಲಗಿದ ಮೇಲೆ ಉಳಿದ ಜಾಗ ಅವ್ವಂದು. ಮೂಲೆಯಲ್ಲಿ ಬೀಸುಕಲ್ಲು, ಅದರ ಪಕ್ಕದ ಗೂಟಕ್ಕೆ ಎರಡು ಮೇಕೆ. ಊರಿಗೆ ಮಿಲ್ಲು ಬಂದು ಎಷ್ಟೋ ಕಾಲವಾಗಿದ್ದರೂ ಅಜ್ಜಿ ಆ ಕಲ್ಲು ಬಿಡಲಿಲ್ಲ. ಇದರಲ್ಲಿ ಯಾರ ಗುಣ ಎಲ್ಲಿದೆ ಅಂತ ಹುಡುಕಲಿ? ಕೊನೆಗೆ, ನಮಗೆ ಮಲಗುವ ಕೋಣೆ ಇಲ್ಲ, ಮಲಗುವ ಜಾಗ ಇದೆ ಅಂತ ಒಂದೇ ಸಾಲು ಬರೆದು ಕೊಟ್ಟೆ. ಹಾಳೆ ವಾಪಸ್ಸು ಬಂದಾಗ ಕೆಂಪು ಇಂಕಿನಲ್ಲಿ 'ವಿಷಯ ಬೆಳೆಸಿಲ್ಲ' ಅಂತ ಇತ್ತು. ಗೆಳೆಯರೇ, ಈಗ ವಿಷಯ ಬೆಳೆಸುತ್ತೇನೆ.

ಚರಿತ್ರೆಯ ಪುಸ್ತಕಗಳಲ್ಲಿ ಮಲಗುವ ಕೋಣೆ ಅಂತ ಬಂದರೆ ಅದು ರಾಜರದ್ದು. ಫ್ರಾನ್ಸಿನ ದೊರೆ 14ನೇ ಲೂಯಿಯದು ಎಲ್ಲಕ್ಕಿಂತ ಹೆಸರುವಾಸಿ. 1701ರಲ್ಲಿ ಅವನು ತನ್ನ ಮಲಗುವ ಕೋಣೆಯನ್ನು ವರ್ಸೈ ಅರಮನೆಯ ನಟ್ಟನಡುವಿಗೆ, ಸೂರ್ಯ ಹುಟ್ಟುವ ದಿಕ್ಕಿಗೆ ಮುಖ ಮಾಡಿ ಇಡಿಸಿಕೊಂಡ. ಬೆಳಿಗ್ಗೆ ಅವನು ಏಳುವುದು ಒಂದು ಉತ್ಸವ, ರಾತ್ರಿ ಮಲಗುವುದು ಇನ್ನೊಂದು ಉತ್ಸವ. ದೊರೆಗೆ ಅಂಗಿ ಎತ್ತಿಕೊಡುವ ಭಾಗ್ಯಕ್ಕೆ ದೊಡ್ಡ ದೊಡ್ಡ ಮನೆತನದವರು ಸಾಲುಗಟ್ಟಿ ನಿಲ್ಲುತ್ತಿದ್ದರು. ಮಂಚದ ಮುಂದೆ ಚಿನ್ನದ ಬಣ್ಣದ ಕಟಕಟೆ, ಅದನ್ನು ದಾಟಿ ಯಾರು ಒಳಗೆ ಹೋಗಬಹುದು ಯಾರು ಹೋಗಬಾರದು ಅನ್ನುವುದಕ್ಕೂ ಲೆಕ್ಕ. 1715ರಲ್ಲಿ ಅವನು ಸತ್ತದ್ದೂ ಆ ಕೋಣೆಯಲ್ಲೇ. ಇದೆಲ್ಲ ನಡೆಯುತ್ತಿದ್ದಾಗ ಆ ದೇಶದ ಮುಖ್ಯ ನೇರ ತೆರಿಗೆಯ ಭಾರ ಬಿದ್ದಿದ್ದು ರೈತರ ಮೇಲೆ, ಅಂಗಿ ಎತ್ತಿಕೊಡುವ ಕುಲೀನರಿಗೆ ಅದರಿಂದ ವಿನಾಯಿತಿ. ಲೂಯಿಯ ಕೋಣೆ ಲೂಯಿಯ ಗುಣ ಹೇಳುತ್ತದೆ ಅನ್ನುವುದನ್ನು ನಾನು ಒಪ್ಪುತ್ತೇನೆ. ಅವನಿಗೆ ತನ್ನ ಕೋಣೆಯನ್ನು ತನಗೆ ಬೇಕಾದ ಹಾಗೆ ಇಡಿಸಿಕೊಳ್ಳುವ ತಾಕತ್ತಿತ್ತು. ಆ ತಾಕತ್ತು ಇಲ್ಲದವನ ಕೋಣೆ ಏನು ಹೇಳುತ್ತದೆ?

ಉತ್ತರಕ್ಕೆ ಫ್ರಾನ್ಸಿಗೆ ಹೋಗಬೇಕಾಗಿಲ್ಲ. ನಮ್ಮ ದೇಶದ ಧರ್ಮಶಾಸ್ತ್ರಗಳೇ ಬಾಯಿಬಿಟ್ಟು ಹೇಳಿವೆ. ಗೌತಮ ಧರ್ಮಸೂತ್ರದ 12ನೇ ಅಧ್ಯಾಯದಲ್ಲಿ ಒಂದು ವಿಧಿ ಇದೆ. ಕೂರುವುದರಲ್ಲಿ, ಮಲಗುವುದರಲ್ಲಿ, ಮಾತಿನಲ್ಲಿ, ದಾರಿ ನಡೆಯುವುದರಲ್ಲಿ ಮೇಲಿನವರ ಸಮಕ್ಕೆ ಬರಲು ನೋಡುವ ಶೂದ್ರ ಶಿಕ್ಷೆಗೆ ಯೋಗ್ಯ ಅಂತ ಅದರ ತಾತ್ಪರ್ಯ. ಗಮನಿಸಿ, ಮಲಗುವುದೂ ಆ ಪಟ್ಟಿಯಲ್ಲಿದೆ. ಕಣ್ಣು ಮುಚ್ಚಿದ ಮೇಲೂ ಮನುಷ್ಯ ತನ್ನ ಜಾತಿಯ ಎತ್ತರದಲ್ಲೇ ಇರಬೇಕು! ಇದು ಶೂದ್ರನ ಪಾಡು. ಅವನಿಗೂ ಕೆಳಗಿನವನ ಪಾಡು ಮನುಸ್ಮೃತಿಯ 10ನೇ ಅಧ್ಯಾಯದಲ್ಲಿದೆ. ಚಂಡಾಲನ ವಾಸ ಊರ ಹೊರಗೆ, ರಾತ್ರಿ ಹೊತ್ತು ಅವನು ಊರೊಳಗೆ ಪಟ್ಟಣದೊಳಗೆ ತಿರುಗುವಂತಿಲ್ಲ. ಅಂದರೆ ಹಗಲು ಊರಿಗೆ ಅವನ ಕೈಕಾಲು ಬೇಕು, ರಾತ್ರಿ ಅವನ ನಿದ್ದೆ ಬೇಡ.

ಇದು ಬರೀ ಓಲೆಗರಿಯ ಮಾತು, ಯಾವ ಕಾಲದ್ದೋ ಅಂತ ಹೇಳುವವರಿದ್ದಾರೆ. ಬಾಬಾಸಾಹೇಬ ಅಂಬೇಡ್ಕರ್ ತಮ್ಮ ಕಾಲದ ಹಳ್ಳಿಗಳಲ್ಲಿ ಅಸ್ಪೃಶ್ಯರ ಮೇಲಿದ್ದ ಕಟ್ಟುಕಟ್ಟಳೆಗಳನ್ನು ಒಂದೊಂದಾಗಿ ಬರೆದಿಟ್ಟಿದ್ದಾರೆ. ಕೇರಿ ಊರಿನ ದಕ್ಷಿಣಕ್ಕಿರಬೇಕು. ಹೆಂಚಿನ ಮನೆ ಕಟ್ಟುವುದು ಅಪರಾಧ. ಮೇಲ್ಜಾತಿಯವರ ಎದುರಿಗೆ ಕುರ್ಚಿಯಲ್ಲಿ ಕೂರುವುದು ಅಪರಾಧ. ಒಳ್ಳೆ ಬಟ್ಟೆ, ಚಪ್ಪಲಿ, ಕೈಗಡಿಯಾರ ಎಲ್ಲಾ ಅಪರಾಧ. ಹೆಂಚೇ ಅಪರಾಧವಾದ ಮೇಲೆ ಹೆಂಚಿನ ಕೆಳಗೊಂದು ಗೋಡೆ, ಗೋಡೆಯ ಆಚೆಗೊಂದು ಕೋಣೆ, ಕೋಣೆಯೊಳಗೊಂದು ಮಂಚ ಎಲ್ಲಿಂದ ಬರಬೇಕು? ಹಳ್ಳಿಗಾಡಿನ ಮೇಷ್ಟ್ರುಗಳೇ, ನಿಮ್ಮ ಊರಲ್ಲಿ ಕೇರಿ ಯಾವ ದಿಕ್ಕಿಗಿದೆ ಅಂತ ಒಂದು ಸಲ ಮಕ್ಕಳ ಕೈಲಿ ನಕ್ಷೆ ಬರೆಸಿ ನೋಡಿ.

ಹಾಗಾಗಿ ನಾನು ಮೇಷ್ಟ್ರು ಕೇಳಿದ ಪ್ರಶ್ನೆಯನ್ನು ಬಾಬಾಸಾಹೇಬರಿಗೇ ಹಾಕಿ ನೋಡಬೇಕು ಅಂದುಕೊಂಡೆ. ಅವರು ಮಲಗಿದ ಕೋಣೆಗಳು ಯಾವುವು? ಅವು ಏನು ಹೇಳುತ್ತವೆ?

ರಾಮಜಿ ಸುಬೇದಾರರು ಮಕ್ಕಳನ್ನು ಕಟ್ಟಿಕೊಂಡು ಸಾತಾರಾ ಕಡೆಯಿಂದ ಮುಂಬಯಿಗೆ ಬಂದಾಗ ಸಿಕ್ಕಿದ್ದು ಪರೇಲಿನ ಗಿರಣಿ ಕೆಲಸಗಾರರ ನಡುವೆ, ಒಂದು ಚಾಳಿನಲ್ಲಿ ಒಂದೇ ಒಂದು ಕೋಣೆ. ಧನಂಜಯ ಕೀರ್ 1954ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಆ ಕೋಣೆಯ ವರ್ಣನೆ ಇದೆ. ಅದೇ ಅಡಿಗೆಮನೆ, ಅದೇ ಓದುವ ಮನೆ. ಪಾತ್ರೆಪಡಗ, ಹೊಗೆ, ಅಟ್ಟದ ಮೇಲೆ ಸೌದೆ. ಎಲ್ಲರೂ ಒಟ್ಟಿಗೆ ಕಾಲು ಚಾಚಿದರೆ ಜಾಗ ಸಾಲದು. ಅದಕ್ಕೆ ಸುಬೇದಾರರು ಒಂದು ಉಪಾಯ ಮಾಡಿದರು. ಸಂಜೆಗೇ ಭೀಮನನ್ನು ಮಲಗಿಸಿ ತಾವು ಎಚ್ಚರ ಕೂರುತ್ತಿದ್ದರು. ರಾತ್ರಿ ಎರಡು ಗಂಟೆಗೆ ಮಗನನ್ನು ಎಬ್ಬಿಸಿ ಓದಕ್ಕೆ ಕೂರಿಸಿ, ಆಮೇಲೆ ತಾವು ಮಲಗುತ್ತಿದ್ದರು. ಗಿರಣಿಯಲ್ಲಿ ಪಾಳಿ ಇದ್ದ ಹಾಗೆ ಮನೆಯಲ್ಲಿ ನಿದ್ದೆಗೂ ಪಾಳಿ. ಹುಡುಗ ಗಾಜಿಲ್ಲದ ಸೀಮೆಎಣ್ಣೆ ಬುಡ್ಡಿಯ ಮುಂದೆ ಓದುತ್ತಿದ್ದ. ಪಕ್ಕದಲ್ಲಿ ಒಂದು ಬೀಸುಕಲ್ಲು, ಒಂದು ಮೇಕೆ.

ಈ ಸಾಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕೂತೆ. ನಮ್ಮ ಮನೆಯ ಮೂಲೆಗೆ ಯಾರೋ ನೂರು ವರ್ಷ ಹಿಂದೆಯೇ ಬಂದು ನೋಡಿ ಬರೆದು ಹೋದ ಹಾಗಿತ್ತು. ಮೇಕೆಯ ಉಸಿರು ಬೆನ್ನಿಗೆ ತಾಗುತ್ತಾ ಇದ್ದರೆ ಓದು ಹೇಗೆ ಹತ್ತುತ್ತದೆ ಅನ್ನುವುದು ನಮ್ಮಂಥ ಮಕ್ಕಳಿಗೆ ಗೊತ್ತು. ಅದು ನಾರುತ್ತದೆ ನಿಜ, ಆದರೆ ಚಳಿಗೆ ಬೆಚ್ಚಗೂ ಇರುತ್ತದೆ. ಇಂಥ ಕೋಣೆಯಿಂದ ಎದ್ದು ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಹೋಗಿ 1907ರಲ್ಲಿ ಆ ಹುಡುಗ ಮೆಟ್ರಿಕ್ ಪಾಸು ಮಾಡಿದ.

1913ರ ಜುಲೈನಲ್ಲಿ ಬರೋಡದ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಅಂಬೇಡ್ಕರ್ ನ್ಯೂಯಾರ್ಕಿಗೆ, ಕೊಲಂಬಿಯ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಯ ಲಿವಿಂಗ್‌ಸ್ಟನ್ ಹಾಲ್ ಅನ್ನುವ ವಿದ್ಯಾರ್ಥಿನಿಲಯದಲ್ಲಿ ಅವರ ಜೊತೆಗಿದ್ದವನು ನವಲ್ ಭಥೇನ ಅನ್ನುವ ಪಾರ್ಸಿ ತರುಣ. ಅವನು ಕೊನೆತನಕ ಅವರ ಗೆಳೆಯನಾಗಿ ಉಳಿದ, ಕೈ ಕಟ್ಟಿದಾಗ ದುಡ್ಡು ಕೊಟ್ಟ. ಈ ಗೆಳೆತನವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಏಳು ಸಮುದ್ರದಾಚೆ ಇವನ ಹಾಸಿಗೆ ಪಕ್ಕದಲ್ಲಿ ನನ್ನ ಹಾಸಿಗೆ ಬೇಡ ಅಂತ ಯಾರೂ ಅನ್ನಲಿಲ್ಲ.

1917ರಲ್ಲಿ, ವಿದ್ಯಾರ್ಥಿವೇತನದ ಕರಾರಿನಂತೆ ಸಂಸ್ಥಾನದ ಸೇವೆ ಮಾಡಲು ಅವರು ಬರೋಡಕ್ಕೆ ಬಂದರು. ರೈಲಿಳಿದಾಗ ಅವರ ಮುಂದಿದ್ದ ಪ್ರಶ್ನೆ ಒಂದೇ, ಇವತ್ತು ರಾತ್ರಿ ಎಲ್ಲಿ ಮಲಗುವುದು? ಹಿಂದೂ ವಸತಿಗೃಹಗಳು ಸೇರಿಸುವುದಿಲ್ಲ. ಸ್ನೇಹಿತರ ಮನೆಗೆ ಹೋದರೆ ಅವರಿಗೆ ಮುಜುಗರ. ಪಾರ್ಸಿಗಳ ಒಂದು ತಂಗುಮನೆ ಇದೆ ಅಂತ ತಿಳಿದು ಅಲ್ಲಿಗೆ ಹೋದರು. ಅಲ್ಲಿ ಪಾರ್ಸಿಯಲ್ಲದವರಿಗೆ ಜಾಗ ಇಲ್ಲ. ಆದರೆ ಬಹಳ ದಿನದಿಂದ ಗಿರಾಕಿ ಇಲ್ಲದೆ ಕೂತಿದ್ದ ಅಲ್ಲಿಯ ಮೇಲ್ವಿಚಾರಕನಿಗೆ ನಾಲ್ಕು ಕಾಸು ಬೇಕಾಗಿತ್ತು. ರಿಜಿಸ್ಟರಿನಲ್ಲಿ ಒಂದು ಪಾರ್ಸಿ ಹೆಸರು ಬರೆಯುವುದು, ಊಟ ವಸತಿಗೆ ದಿನಕ್ಕೆ ಒಂದೂವರೆ ರೂಪಾಯಿ ಕೊಡುವುದು ಅಂತ ಒಪ್ಪಂದವಾಯಿತು. ಅಮೆರಿಕದಲ್ಲಿ ಅರ್ಥಶಾಸ್ತ್ರ ಅರೆದು ಕುಡಿದು ಬಂದ ಮನುಷ್ಯ ತನ್ನ ಹೆಸರನ್ನು ಬಾಗಿಲಲ್ಲಿ ಬಿಟ್ಟು ಒಳಗೆ ಹೋಗಿ ಮಲಗಬೇಕಾಯಿತು.

ಆ ಕೋಣೆಯ ಬಗ್ಗೆ ಅವರು ತಾವೇ ಬರೆದಿದ್ದಾರೆ, 'ವೀಸಾಕ್ಕಾಗಿ ಕಾಯುತ್ತಾ' ಅನ್ನುವ ಬರಹದಲ್ಲಿ. ಅವರು ಬದುಕಿದ್ದಾಗ ಅದು ಅಚ್ಚಾಗಲಿಲ್ಲ, ಪುಸ್ತಕವಾಗಿ ಬಂದದ್ದು 1990ರಲ್ಲಿ. ಮಹಡಿ ಮೇಲೆ ಒಂದು ಚಿಕ್ಕ ಮಲಗುವ ಕೋಣೆ, ಪಕ್ಕದಲ್ಲಿ ನಲ್ಲಿ ಇದ್ದ ಬಚ್ಚಲು. ಉಳಿದದ್ದೆಲ್ಲಾ ದೊಡ್ಡ ಹಜಾರ. ಅದರ ತುಂಬ ಹಲಗೆ, ಬೆಂಚು, ಮುರಿದ ಕುರ್ಚಿ. ವಿದ್ಯುತ್ ದೀಪ ಇಲ್ಲ. ಮೇಲ್ವಿಚಾರಕ ತಂದಿಡುತ್ತಿದ್ದ ಲಾಟೀನಿನ ಬೆಳಕು ಗೇಣುದ್ದ ದಾಟುತ್ತಿರಲಿಲ್ಲ. ಮುಂಬಯಿಯಿಂದ ಸಾಮಾನು ತಂದ ಅಕ್ಕನ ಮಗ ಇವರ ಸ್ಥಿತಿ ನೋಡಿ ಜೋರಾಗಿ ಅತ್ತ, ಅವನನ್ನು ವಾಪಸ್ಸು ಕಳಿಸಬೇಕಾಯಿತು. ಆಮೇಲೆ ಒಬ್ಬರೇ. ಹಗಲು ಮಹಾಲೇಖಪಾಲರ ಕಚೇರಿಯಲ್ಲಿ ಕೆಲಸ ಕಲಿಯುವುದು, ರಾತ್ರಿ ಆದಷ್ಟು ತಡವಾಗಿ ಈ ಮಹಡಿಗೆ ಬರುವುದು, ಬಂದು ಪುಸ್ತಕ ಹಿಡಿಯುವುದು. ಓದುತ್ತಾ ಓದುತ್ತಾ ಒಂಟಿತನ ಮರೆಯುತ್ತಿದ್ದರಂತೆ. ಆದರೆ ಹಜಾರದಲ್ಲಿ ಬಾವಲಿಗಳು ಸಂಸಾರ ಹೂಡಿದ್ದವು. ಅವುಗಳ ಚೀರಾಟ ಮತ್ತೆ ಮತ್ತೆ ತಾನು ಎಲ್ಲಿದ್ದೇನೆ ಅನ್ನುವುದನ್ನು ನೆನಪು ಮಾಡುತ್ತಿತ್ತು. ಬಾವಲಿಗಳಿಗೆ ಅಲ್ಲಿ ಹೆಸರು ಬದಲಾಯಿಸುವ ಕಷ್ಟ ಇರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಲೈಬ್ರರಿಯ ಪುಸ್ತಕ ವಾಪಸ್ಸು ಕೊಡಲು ಎತ್ತಿಕೊಂಡು ಕಚೇರಿಗೆ ಹೊರಟಾಗ ಮೆಟ್ಟಿಲ ಮೇಲೆ ಹೆಜ್ಜೆಸದ್ದು. ಒಂದು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಬಂದಿದ್ದರು. ತಂಗುಮನೆ ಮೈಲಿಗೆಯಾಯಿತು ಅಂತ ಬೈದು, ಸಂಜೆಯೊಳಗೆ ಖಾಲಿ ಮಾಡು ಅಂದರು. ಅವತ್ತೆಲ್ಲಾ ಅವರು ಒಂದು ಹಾಸಿಗೆಯ ಜಾಗಕ್ಕಾಗಿ ಅಲೆದರು. ಹಿಂದೂ ಸ್ನೇಹಿತ, ನೀನು ಬಂದರೆ ನಮ್ಮ ಆಳುಗಳು ಬಿಟ್ಟು ಹೋಗುತ್ತಾರೆ ಅಂದ. ಕ್ರೈಸ್ತ ಸ್ನೇಹಿತ, ಹೆಂಡತಿಯನ್ನು ಕೇಳಬೇಕು ಅಂದ. ಗಂಡಹೆಂಡಿರಿಬ್ಬರೂ ಮೂಲದಲ್ಲಿ ಬ್ರಾಹ್ಮಣರು. ಮುಂಬಯಿ ರೈಲು ರಾತ್ರಿ ಒಂಬತ್ತಕ್ಕೆ. ಅಲ್ಲಿಯವರೆಗೆ ಐದು ಗಂಟೆ ಹೊತ್ತು ಕಾಮಾಠಿ ಬಾಗ್ ಅನ್ನುವ ಸಾರ್ವಜನಿಕ ತೋಟದಲ್ಲಿ ಕೂತು ಕಾಲ ಕಳೆದರು.

ನವಲ್ ಭಥೇನನೂ ಪಾರ್ಸಿಯೇ. ದೊಣ್ಣೆ ಹಿಡಿದು ಬಂದವರೂ ಪಾರ್ಸಿಗಳೇ. ಹಾಗಾಗಿ ಒಂದು ಮತದವರ ಗುಣ ಇದು ಅಂತ ಬರೆಯಲು ನನ್ನ ಕೈ ಬರುವುದಿಲ್ಲ. ಹಿಂದೂಗಳಿಗೆ ಅಸ್ಪೃಶ್ಯನಾದವನು ಈ ನೆಲದಲ್ಲಿ ಪಾರ್ಸಿಗೂ ಅಸ್ಪೃಶ್ಯ ಅನ್ನುವುದನ್ನು ಅವತ್ತು ಮೊದಲ ಸಲ ಕಲಿತೆ ಅನ್ನುವ ಅರ್ಥದಲ್ಲಿ ಬಾಬಾಸಾಹೇಬರೇ ಬರೆದಿದ್ದಾರೆ. ಬರೋಡದ ಆ ಮಹಡಿ ಕೋಣೆಯನ್ನು ಮನಶ್ಶಾಸ್ತ್ರದ ಮೇಷ್ಟ್ರು ಇಣುಕಿ ನೋಡಿದ್ದರೆ ಏನು ಬರೆಯುತ್ತಿದ್ದರು? ಧೂಳು, ಮುರುಕು ಕುರ್ಚಿ, ಬಾವಲಿ. ಇಲ್ಲಿರುವವನು ಶಿಸ್ತಿಲ್ಲದವನು ಅಂತಲೇ? ಆ ಕೋಣೆಯಲ್ಲಿ ಅಂಬೇಡ್ಕರರದ್ದು ಅಂತ ಇದ್ದದ್ದು ಲೈಬ್ರರಿಯಿಂದ ತಂದ ಪುಸ್ತಕ. ಉಳಿದ ಧೂಳೆಲ್ಲ ದೇಶದ್ದು.

ಇದನ್ನು ಬರೆಯುವಾಗ ನನಗೆ ನನ್ನದೇ ಒಂದು ಕತೆ ನೆನಪಾಗುತ್ತದೆ. ಓದು ಮುಗಿಸಿ ಒಂದು ಪಟ್ಟಣದಲ್ಲಿ ಬಾಡಿಗೆ ರೂಮು ಹುಡುಕುತ್ತಿದ್ದೆ. ಒಂದು ಗೇಟಿನ ಮೇಲೆ 'ರೂಮು ಬಾಡಿಗೆಗಿದೆ' ಅಂತ ಬೋರ್ಡು. ಯಜಮಾನರು ಕಾಫಿ ಕುಡಿಯುತ್ತಾ ಊರು ಕೇಳಿದರು, ಅಪ್ಪನ ಹೆಸರು ಕೇಳಿದರು, ಮನೆದೇವರು ಕೇಳಿದರು. ಕೊನೆಗೆ, "ಊರಲ್ಲಿ ಯಾವ ಬೀದಿನಪ್ಪಾ ನಿಮ್ದು?" ಅಂದರು. ಹೇಳಿದೆ. "ಅಯ್ಯೋ, ನಿನ್ನೆ ತಾನೇ ಯಾರೋ ಅಡ್ವಾನ್ಸ್ ಕೊಟ್ಟು ಹೋದ್ರು, ಮರ್ತೇ ಹೋಗಿತ್ತು ನೋಡು" ಅಂದರು. ಮುಂದಿನ ತಿಂಗಳೂ ಆ ಬೋರ್ಡು ಅಲ್ಲೇ ನೇತಾಡುತ್ತಿತ್ತು. ದೊಣ್ಣೆ ಇರಲಿಲ್ಲ, ಬೈಗುಳ ಇರಲಿಲ್ಲ, ನನಗೂ ಅರ್ಧ ಲೋಟ ಕಾಫಿ ಕೊಟ್ಟಿದ್ದರು. ನಾಲ್ಕನೇ ಮನೆಯ ಹೊತ್ತಿಗೆ ನಾನೂ ಒಂದು ಸುಳ್ಳು ಬೀದಿಯ ಹೆಸರು ಹುಡುಕಿಟ್ಟುಕೊಂಡಿದ್ದೆ. ಹೇಳಲು ಬಾಯಿ ಬರಲಿಲ್ಲ ಅನ್ನುವುದು ನನ್ನ ಹೆಚ್ಚುಗಾರಿಕೆ ಏನಲ್ಲ, ಅಷ್ಟೊತ್ತಿಗೆ ಸ್ನೇಹಿತನೊಬ್ಬ ತನ್ನ ರೂಮಿನಲ್ಲೇ ಜಾಗ ಕೊಟ್ಟ.

ಮುಂದಿನ ಕೋಣೆ ಲಂಡನ್ನಿನದು. 1920ರಲ್ಲಿ ಅಂಬೇಡ್ಕರ್ ಅರ್ಧಕ್ಕೆ ನಿಂತ ಓದು ಮುಗಿಸಲು ಮತ್ತೆ ಅಲ್ಲಿಗೆ ಹೋದರು. ಬಾಡಿಗೆ ಮನೆಯ ಒಡತಿ ಜಿಪುಣಿ, ತಿನ್ನಲು ಕೊಡುತ್ತಿದ್ದದ್ದು ಅಷ್ಟಕ್ಕಷ್ಟೆ. ರಾತ್ರಿ ಹಸಿವಿಗೆ ಸ್ನೇಹಿತರು ಕೊಟ್ಟ ಹಪ್ಪಳ ಸುಟ್ಟು ತಿನ್ನುತ್ತಿದ್ದರು. ಕೋಣೆಯಲ್ಲಿ ಜೊತೆಗಿದ್ದ ಅಸ್ನೋಡೇಕರ್ ನಡುರಾತ್ರಿ ಎಚ್ಚರವಾಗಿ ನೋಡಿದರೆ ಇವರು ಇನ್ನೂ ಓದುತ್ತಲೇ ಇರುತ್ತಿದ್ದರಂತೆ. ಮಲಗಪ್ಪಾ ಅಂದರೆ, ಊಟಕ್ಕೆ ದುಡ್ಡಿಲ್ಲ ನಿದ್ದೆಗೆ ಹೊತ್ತಿಲ್ಲ ಅನ್ನುವಂಥ ಉತ್ತರ. ಪರೇಲಿನಲ್ಲಿ ಅಪ್ಪ ಎರಡು ಗಂಟೆಗೆ ಎಬ್ಬಿಸಿದ ಹುಡುಗ ಆಮೇಲೆ ಸರಿಯಾಗಿ ಮಲಗಲೇ ಇಲ್ಲ ಅನಿಸುತ್ತದೆ. 1921-22ರಲ್ಲಿ ಅವರಿದ್ದ 10, ಕಿಂಗ್ ಹೆನ್ರಿಸ್ ರೋಡ್ ಮನೆಯನ್ನು 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಕೊಂಡು ಸ್ಮಾರಕ ಮಾಡಿತು.

ಇನ್ನು ಮುಂಬಯಿಯ ಬಿ.ಐ.ಟಿ. ಚಾಳಿಗೆ ಬರೋಣ. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿದು ಜನ ಹುಳುಗಳಂತೆ ಸತ್ತ ಮೇಲೆ, 1898ರಲ್ಲಿ ಬ್ರಿಟಿಷ್ ಸರ್ಕಾರ ಊರು ಸುಧಾರಣೆಗೆ ಒಂದು ಟ್ರಸ್ಟು ಮಾಡಿತು. ಆ ಇಂಪ್ರೂವ್‌ಮೆಂಟ್ ಟ್ರಸ್ಟು ಕಟ್ಟಿಸಿದವು ಈ ಚಾಳುಗಳು. ಉದ್ದನೆ ಪಡಸಾಲೆ, ಅದರುದ್ದಕ್ಕೂ ಗೂಡುಗಳ ಹಾಗೆ ಕೋಣೆ, ಒಂದು ಕೋಣೆಗೆ ಒಂದು ಸಂಸಾರ. ಜಾಗ ಸಾಲದ ಗಂಡಸರು ಪಡಸಾಲೆಯಲ್ಲೋ ಬೀದಿಯಲ್ಲೋ ಮಲಗುವುದು ಗಿರಣಿ ಕೇರಿಯ ಮಾಮೂಲು. ಪರೇಲಿನ ಈ ಚಾಳಿನಲ್ಲಿ 50 ಮತ್ತು 51ನೇ ನಂಬರಿನ ಎರಡು ಕೋಣೆ ಅಂಬೇಡ್ಕರರ ಮನೆ. 1912ರಿಂದ 1934ರವರೆಗೆ ಅವರ ಸಂಸಾರ ಅಲ್ಲಿತ್ತು. ಕೊಲ್ಹಾಪುರದ ಶಾಹೂ ಮಹಾರಾಜರು ಅವರನ್ನು ಹುಡುಕಿಕೊಂಡು ಬಂದದ್ದು ಈ ಚಾಳಿಗೇ. 1920ರ 'ಮೂಕನಾಯಕ', 1927ರ ಮಾರ್ಚಿನ ಮಹಾಡ್ ಕೆರೆಯ ಹೋರಾಟ, ಅದೇ ವರ್ಷ ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟದ್ದು, ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋದದ್ದು, ಇಷ್ಟೂ ಆದಾಗ ಅವರ ಮನೆ ಅಂದರೆ ಈ ಎರಡು ಗೂಡು. ಮಲಗುವುದರಲ್ಲಿ ಸಮಾನತೆ ಬೇಡಿದವನನ್ನು ದಂಡಿಸಿ ಅಂದ ಪರಂಪರೆಯ ಪುಸ್ತಕವನ್ನು ಬೆಂಕಿಗೆ ಹಾಕಿದವರು ಮಲಗಲು ವಾಪಸ್ಸು ಬಂದದ್ದು ಅಲ್ಲಿಗೆ.

ಎರಡರಲ್ಲಿ ಒಂದು ಕೋಣೆ ಓದಿಗೆ, ಒಂದು ಸಂಸಾರಕ್ಕೆ. ಇದನ್ನು ಎಲ್ಲರೂ ಮೆಚ್ಚಿ ಬರೆಯುತ್ತಾರೆ. ನನಗೆ ಇಲ್ಲಿ ಒಂದು ಮುಳ್ಳು ಚುಚ್ಚುತ್ತದೆ. ಒಂದು ಕೋಣೆ ಓದಿಗೆ ಹೋದರೆ ಉಳಿದ ಒಂದರಲ್ಲಿ ಎಷ್ಟು ಜನ? ರಮಾಬಾಯಿ, ಮಕ್ಕಳು, ಅಂಬೇಡ್ಕರರ ತೀರಿಹೋದ ಅಣ್ಣನ ಹೆಂಡತಿ, ಆಕೆಯ ಮಗ. ರಮಾಬಾಯಿ ಹೆತ್ತ ಐದು ಮಕ್ಕಳಲ್ಲಿ ನಾಲ್ಕು ಸತ್ತವು. ಕೊನೆಯದು ರಾಜರತ್ನ, 1926ರ ಜುಲೈನಲ್ಲಿ. ಉಳಿದವರು ಯಶವಂತ ಒಬ್ಬರೇ. ಗಂಡ ಪರದೇಶದಲ್ಲಿದ್ದಾಗ ಸಗಣಿ ಬುಟ್ಟಿ ತಲೆ ಮೇಲೆ ಹೊತ್ತು ಸಂಸಾರ ತೂಗಿಸಿದ ಹೆಂಗಸು ಆಕೆ. ಇದನ್ನು ಅಂಬೇಡ್ಕರರೇ ತಮ್ಮ ಪತ್ರಿಕೆಯಲ್ಲಿ ಹೇಳಿಕೊಂಡಿದ್ದಾರೆ. 1940ರಲ್ಲಿ ಪಾಕಿಸ್ತಾನದ ಮೇಲೆ ಬರೆದ ಪುಸ್ತಕವನ್ನು ತೀರಿಹೋಗಿದ್ದ ರಾಮುವಿನ ನೆನಪಿಗೆ ಅರ್ಪಿಸಿದರು. ಅರ್ಪಣೆ ಸರಿ. ಆದರೆ ಆ ಚಾಳಿನ ಕೋಣೆಯಲ್ಲಿ ಆಕೆ ಎಷ್ಟು ರಾತ್ರಿ ಜ್ವರದ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಗೋಡೆಗೊರಗಿ ಕೂತಿದ್ದಳೋ, ಅದಕ್ಕೆ ಯಾವ ಜೀವನಚರಿತ್ರೆಯಲ್ಲೂ ಅಧ್ಯಾಯ ಇಲ್ಲ. ಒಲೆ ಮಗ್ಗುಲಲ್ಲಿ ಉಳಿದ ಜಾಗದಲ್ಲಿ ಮಲಗುವವರ ಗುಣವನ್ನು ಕೋಣೆ ನೋಡಿ ಹೇಳುವುದು ಹೇಗೆ? ಕೋಣೆಯಲ್ಲಿ ಅವರದ್ದು ಅಂತ ಏನೂ ಇರುವುದಿಲ್ಲ.

ಆ ಎರಡು ಗೂಡಿನಲ್ಲಿ ಕೂತೇ ಅಂಬೇಡ್ಕರ್ ಬೇರೆಯವರ ಮಕ್ಕಳಿಗೆ ಮಲಗುವ ಜಾಗ ಹುಡುಕುತ್ತಿದ್ದರು. 1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಕಟ್ಟಿದರು. ಅದರ ಮೊದಲ ಕೆಲಸಗಳಲ್ಲಿ ಒಂದು 1925ರಲ್ಲಿ ಸೋಲಾಪುರದಲ್ಲಿ ತೆರೆದ ವಿದ್ಯಾರ್ಥಿನಿಲಯ. ಆಗ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದ ನಮ್ಮ ಧಾರವಾಡದಲ್ಲೂ ಆ ದಶಕದ ಕೊನೆಗೆ ಅವರ ಪ್ರಯತ್ನದಿಂದ ದಲಿತ ಮಕ್ಕಳಿಗೆ ಹಾಸ್ಟೆಲ್ ಆಯಿತು. ಶಾಲೆಗೆ ಸೇರಿಸಿಕೊಳ್ಳಿ ಅಂತ ಕಾನೂನು ಹೇಳಬಹುದು, ಶಾಲೆ ಇರುವ ಊರಲ್ಲಿ ರಾತ್ರಿ ಯಾರು ಮಲಗಿಸಿಕೊಳ್ಳುತ್ತಾರೆ? ಬರೋಡದ ತೋಟದಲ್ಲಿ ಐದು ಗಂಟೆ ಕೂತು ಬಂದವರಿಗೆ ಈ ಪ್ರಶ್ನೆ ಪುಸ್ತಕದಿಂದ ಬಂದದ್ದಲ್ಲ.

ನನ್ನ ಪೀಳಿಗೆಯ ಬಹಳ ಜನ ಹಾಸ್ಟೆಲಿನಿಂದ ಬಂದವರು. ಕಬ್ಬಿಣದ ಮಂಚ, ತೆಳ್ಳನೆ ಹಾಸಿಗೆ, ಒಂದು ಟ್ರಂಕು. ಮೊದಲ ವಾರ ನನಗೆ ಆ ಮಂಚದ ಮೇಲೆ ನಿದ್ದೆಯೇ ಹತ್ತಲಿಲ್ಲ. ಮಗ್ಗುಲು ಬದಲಾಯಿಸಿದರೆ ತಮ್ಮನ ಕಾಲು ಸಿಗುತ್ತಿರಲಿಲ್ಲ. ಬಿದ್ದುಬಿಡುತ್ತೇನೆ ಅನ್ನುವ ಭಯ ಬೇರೆ. ಹಾಸಿಗೆ ಎಳೆದು ನೆಲದ ಮೇಲೆ ಹಾಕಿಕೊಂಡು ಮಲಗುತ್ತಿದ್ದೆ. ಸಾರಿನಲ್ಲಿ ಹುಳ ಬರುತ್ತಿತ್ತು, ಕಕ್ಕಸಿಗೆ ನೀರಿರುತ್ತಿರಲಿಲ್ಲ, ಅದಕ್ಕೆ ನಾವು ಜಗಳವನ್ನೂ ಮಾಡಿದೆವು. ಆದರೂ ಎಂಟನೇ ದಿನ ಮಂಚ ಹತ್ತಿ, ಇದು ನಂದು ಅಂತ ಟ್ರಂಕಿನ ಮೇಲೆ ಹೆಸರು ಬರೆದಾಗ ಆದ ಖುಷಿಯನ್ನು ಈಗಲೂ ಮುಚ್ಚಿಡಲಾರೆ. ನಿಜವಾದ ಹೆಸರನ್ನೇ ಬರೆದಿದ್ದೆ.

ಇನ್ನು ರಾಜಗೃಹ. 1930ರ ದಶಕದ ಶುರುವಿನಲ್ಲಿ ಅಂಬೇಡ್ಕರ್ ಸಾಲ ಸೋಲ ಮಾಡಿ ದಾದರಿನ ಹಿಂದೂ ಕಾಲೊನಿಯಲ್ಲಿ ಈ ಮನೆ ಕಟ್ಟಿಸಿದರು. ಬುದ್ಧನ ಕಾಲದ ಮಗಧದ ರಾಜಧಾನಿಯ ಹೆಸರು ಅದಕ್ಕೆ. ಅಸ್ಪೃಶ್ಯ ಅಂತ ಹೊರಗೆ ಹಾಕಿಸಿಕೊಂಡವನು ಹಿಂದೂ ಕಾಲೊನಿಯ ನಡುವೆ ಬೌದ್ಧ ಹೆಸರಿನ ಮನೆ ಕಟ್ಟಿದ್ದರಲ್ಲಿ ಒಂದು ಠೇಂಕಾರ ಇದೆ, ಅದು ನನಗೆ ಇಷ್ಟ. ಕೆಳಗೆ ಸಂಸಾರ, ಮೇಲೆ ಪುಸ್ತಕಗಳು. ಮನುಷ್ಯರಿಗಾಗಿ ಮನೆ ಕಟ್ಟಿಸಿ ಪುಸ್ತಕಕ್ಕೊಂದು ಮೂಲೆ ಇಡುವುದು ಲೋಕರೂಢಿ. ಇಲ್ಲಿ ಪುಸ್ತಕಗಳಿಗಾಗಿ ಮನೆ ಕಟ್ಟಿ ಮನುಷ್ಯರು ಸೇರಿಕೊಂಡರು. ತನಗೆ ಬೇಕಾದ ಹಾಗೆ ಒಂದು ಕೋಣೆ ಇಡಿಸಿಕೊಳ್ಳುವ ತಾಕತ್ತು ಬಂದಾಗ ಆ ಮನುಷ್ಯ ಇಡಿಸಿಕೊಂಡದ್ದು ಇದು. ಈಗ ಬೇಕಾದರೆ ಮೇಷ್ಟ್ರು ಬಂದು ಇಣುಕಲಿ, ನಾನು ಬೇಡ ಅನ್ನುವುದಿಲ್ಲ. ರಮಾಬಾಯಿ ಮಾತ್ರ ಈ ಮನೆಯಲ್ಲಿ ಬಹಳ ದಿನ ಬಾಳಲಿಲ್ಲ. 1935ರ ಮೇ 27ರಂದು ಅಲ್ಲೇ ತೀರಿಕೊಂಡರು.

ದೆಹಲಿಯ ಸರ್ಕಾರಿ ಬಂಗಲೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವು ಪದವಿಯ ಕೋಣೆಗಳು, ಪದವಿ ಹೋದರೆ ಬಿಡಬೇಕು. 1951ರಲ್ಲಿ ಹಿಂದೂ ಕೋಡ್ ಬಿಲ್ಲಿನ ಗತಿ ನೋಡಿ ಮಂತ್ರಿಗಿರಿ ಬಿಸಾಕಿದ ಮೇಲೆ ಅವರು 26, ಅಲಿಪುರ್ ರಸ್ತೆಯ ಮನೆಗೆ ಬಂದರು. 1956ರ ಡಿಸೆಂಬರ್ 5ರ ರಾತ್ರಿ ಅಲ್ಲಿಯ ಮಲಗುವ ಕೋಣೆಗೆ ಅವರು ಕೆಲವು ಪುಸ್ತಕ ತರಿಸಿಕೊಂಡರು. 'ಬುದ್ಧ ಮತ್ತು ಅವನ ಧಮ್ಮ' ಗ್ರಂಥದ ಮುನ್ನುಡಿ ಪೀಠಿಕೆಗಳ ಟೈಪು ಪ್ರತಿಯನ್ನು ಮಂಚದ ಪಕ್ಕದ ಮೇಜಿನ ಮೇಲೆ ಇಡಿಸಿಕೊಂಡರು, ರಾತ್ರಿ ತಿದ್ದುವುದಕ್ಕೆ. ಸಹಾಯಕ ನಾನಕ್ ಚಂದ್ ರತ್ತು ಮನೆಗೆ ಹೋದದ್ದು ಆಮೇಲೆ. ಬೆಳಿಗ್ಗೆ ಪತ್ನಿ ಸವಿತಾ ಹೋಗಿ ನೋಡಿದಾಗ ಜೀವ ಹೋಗಿತ್ತು. ಆ ಮನೆ ಈಗಿಲ್ಲ, ಆ ಜಾಗದಲ್ಲಿ 2018ರಲ್ಲಿ ರಾಷ್ಟ್ರೀಯ ಸ್ಮಾರಕ ಆಯಿತು. ಮುಂಬಯಿಯ ರಾಜಗೃಹ ಉಳಿದಿದೆ. 2020ರ ಜುಲೈನಲ್ಲಿ ಅದರ ಮೇಲೂ ಕಲ್ಲು ಬಿತ್ತು, ಹೂಕುಂಡ ಒಡೆದರು. ಸತ್ತು ಅರವತ್ತು ವರ್ಷ ದಾಟಿದ ಮೇಲೂ ಆ ಮನುಷ್ಯನಿಗೆ ಒಂದು ಮನೆ ಇರುವುದು ಯಾರಿಗೋ ಸಹಿಸುವುದಿಲ್ಲ.

ಒಂದು ಸಲ ಡಿಸೆಂಬರ್ 6ಕ್ಕೆ ನಾನು ಅವ್ವನನ್ನು ಕರೆದುಕೊಂಡು ಮುಂಬಯಿಗೆ ಹೋಗಿದ್ದೆ. ಐದನೇ ತಾರೀಖು ರಾಜಗೃಹದ ಮುಂದೆ ಸಾಲು ನಿಂತು ಒಳಗೆ ಹೋದೆವು. ಅವ್ವ ಎಲ್ಲರ ಹಾಗೆ ಕೈ ಮುಗಿದಳು. ಆಮೇಲೆ ನನ್ನ ಅಂಗಿ ಜಗ್ಗಿ, "ಆಯಮ್ಮ ಎಲ್ಲಿ ಮಲಗ್ತಿದ್ಲಂತಪ್ಪಾ?" ಅಂತ ಮೆಲ್ಲಗೆ ಕೇಳಿದಳು. ನಾನು ಇಷ್ಟೆಲ್ಲಾ ಓದಿಕೊಂಡು ಹೋಗಿದ್ದರೂ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಹಿಂದಿನವರು ನೂಕುತ್ತಿದ್ದರು, ಮುಂದೆ ನಡೆದೆವು.

ರಾತ್ರಿ ಶಿವಾಜಿ ಪಾರ್ಕಿನ ಬಯಲಲ್ಲಿ ಮಲಗಿದೆವು. ವಿದರ್ಭದವರು, ಮರಾಠವಾಡದವರು, ಬೆಳಗಾವಿ ಗುಲ್ಬರ್ಗ ಕಡೆಯವರು, ಕಣ್ಣು ಹಾಯಿಸಿದಷ್ಟು ದೂರ ಜನ. ಬಟ್ಟೆ ಗಂಟು ಬಿಚ್ಚಿ ಹಾಸಿಕೊಂಡು, ಮಕ್ಕಳನ್ನು ನಡುವೆ ಹಾಕಿಕೊಂಡು, ನಮ್ಮ ಮನೆಯ ನೆಲದ ಮೇಲೆ ಸಾಲಾಗಿ ಮಲಗುತ್ತಿದ್ದ ಹಾಗೇ. ಬಯಲ ಅಂಚಿಗೆ ಪುಸ್ತಕದ ಅಂಗಡಿಗಳ ಸಾಲು, ಹೊತ್ತು ಮೀರಿದರೂ ದೀಪ ಆರಿಸಿರಲಿಲ್ಲ. ಅಕ್ಷರ ಬಾರದ ಅವ್ವ ನಾನು ಕೊಂಡ ಪುಸ್ತಕದ ಚೀಲವನ್ನು ತಲೆದಿಂಬು ಮಾಡಿಕೊಂಡು, "ಗಟ್ಟಿ ಐತೆ ಕಣಪ್ಪಾ" ಅಂದಳು. ಸ್ವಲ್ಪ ಹೊತ್ತು ಆಚೀಚೆ ಸರಿಸಿ ನೋಡಿ ಹಾಗೇ ನಿದ್ದೆ ಹೋದಳು.